ನನ್ನ ಇಂಗ್ಲೀಷೂ ನಮ್ಮ ಮನೆಯ ಪಿಸ್ತೂಲೂ

ನಾನು ಕಾನ್ವೆಂಟಿನಲ್ಲಿ ಓದಿದವಳು ಎಂಬ ಸಂಗತಿ ನಮ್ಮ ಮನೆಯಲ್ಲಿ ಎರಡೇ ಸಂದರ್ಭಗಳಲ್ಲಿ ಎಲ್ಲರಿಗೂ ನೆನಪಾಗುತ್ತಿತ್ತು. ಒಂದು, ಇಂಗ್ಲೀಷಿನಲ್ಲಿ ಯಾವುದಾದರೂ ಕಾಗದ ಬಂದಾಗ. ಇನ್ನೊಂದು, ಸಾರಿಗೆ ಉಪ್ಪು ಹೆಚ್ಚಾದಾಗ. ಎರಡನೆಯದು ವಾರಕ್ಕೊಮ್ಮೆಯಾದರೂ ನಡೆಯುತ್ತಿತ್ತು, ಮೊದಲನೆಯದು ವರ್ಷಕ್ಕೊಮ್ಮೆ ನಡೆದರೆ ಹೆಚ್ಚು. ಆದ್ದರಿಂದ ವರ್ಷಕ್ಕೊಮ್ಮೆ ಸಿಗುವ ಆ ಒಂದು ಗಳಿಗೆಯಲ್ಲಿ, ಉಳಿದ ವಾರಗಳಲ್ಲಿ ಕಳೆದುಕೊಂಡ ಮಾನವನ್ನೆಲ್ಲ ಒಟ್ಟಿಗೆ ಸಂಪಾದಿಸಿಕೊಳ್ಳಬೇಕಾದ ಪರಿಸ್ಥಿತಿ ನನ್ನದಾಗಿತ್ತು. ಇಷ್ಟು ಹೇಳಿಟ್ಟರೆ, ಪಿಸ್ತೂಲಿನ ವಿಷಯದಲ್ಲಿ ನಾನು ಮಾಡಿದ ಕೆಲಸವನ್ನು ಓದುಗರು ಕ್ಷಮಿಸದಿದ್ದರೂ ಅರ್ಥವನ್ನಾದರೂ ಮಾಡಿಕೊಂಡಾರು.

ನಮ್ಮವರು ಆಗ ನರಸೀಪುರದಲ್ಲಿ ಶೇಕದಾರರು. ಕಂದಾಯ ವಸೂಲಿಗೆ ಎತ್ತಿನ ಗಾಡಿಯಲ್ಲಿ ಹಳ್ಳಿ ಹಳ್ಳಿ ತಿರುಗುವ ಕೆಲಸ. ಹೀಗಿರುವಾಗ ಹುಲ್ಲಹಳ್ಳಿ ಕಡೆಯ ಶೇಕದಾರರೊಬ್ಬರನ್ನು ದಾರಿಯಲ್ಲಿ ಕಳ್ಳರು ಅಡ್ಡಗಟ್ಟಿದರೆಂಬ ಸುದ್ದಿ ಬಂತು. ಹಣದ ಪೆಟ್ಟಿಗೆ ಗಾಡಿಯ ಹುಲ್ಲಿನಡಿಯಲ್ಲಿ ಇದ್ದುದರಿಂದ ಉಳಿಯಿತಂತೆ. ಕಳ್ಳರು ಅವರ ಜರಿಯಂಚಿನ ರುಮಾಲನ್ನೂ ಜೋಡುಗಳನ್ನೂ ತೆಗೆದುಕೊಂಡು, ನಮಸ್ಕಾರ ಮಾಡಿ ಹೋದರಂತೆ. ಆ ಮಹನೀಯರು ಮೊದಲ ಸಲ ನಮ್ಮ ಜಗುಲಿಯಲ್ಲಿ ಕುಳಿತು ಈ ಕಥೆ ಹೇಳಿದಾಗ ಕಳ್ಳರು ಇಬ್ಬರಿದ್ದರು. ಕಾಫಿ ಬಂದ ಮೇಲೆ ನಾಲ್ವರಾದರು. ಅವರು ಎದ್ದು ಹೊರಡುವಾಗ ನಾನು ಬಾಗಿಲ ಸಂದಿಯಲ್ಲಿ ಎಣಿಸಿದಂತೆ ಹನ್ನೊಂದು ಮಂದಿ. ನಮ್ಮವರು ಮಾತ್ರ ತಮ್ಮ ರುಮಾಲನ್ನು ತಲೆಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಸವರುತ್ತಿದ್ದರು. ಆಗಲೇ ನನಗೆ ಅನುಮಾನ ಬಂದಿತ್ತು.

ಮಾರನೆಯ ವಾರ ಪಿಸ್ತೂಲಿನ ಲೈಸೆನ್ಸಿಗೆ ಅರ್ಜಿ ಹೋಯಿತು. ಲೈಸೆನ್ಸು ಬರುವ ಹೊತ್ತಿಗೆ ಮದರಾಸಿನ ಒಂದು ಬಂದೂಕಿನ ಅಂಗಡಿಯಿಂದ ಚಿತ್ರ, ಬೆಲೆಗಳಿರುವ ದಪ್ಪ ಪುಸ್ತಕವೂ ಅಂಚೆಯಲ್ಲಿ ಬಂತು. ಪೂರಾ ಇಂಗ್ಲೀಷು. ನಮ್ಮವರಿಗೆ ಇಂಗ್ಲೀಷಿನಲ್ಲಿ ಸಹಿ ಮಾಡಲು ಬರುತ್ತಿತ್ತು, ಅಂಕಿ ಓದಲು ಬರುತ್ತಿತ್ತು. ಅಂಕಿಗಿಂತ ಆಚೆಗೆ ಅವರು ಎಂದೂ ಹೋದವರಲ್ಲ. ಪುಸ್ತಕ ನನ್ನ ಕೈಗೆ ಬಂತು.

"ಓದವ್ವ ಅಮ್ಮಣ್ಣಿ, ಓದು. ನಿಮ್ಮಪ್ಪ ದೊರೆಸಾನೇರ ಹತ್ರ ಓದ್ಸಿದ್ದಕ್ಕೆ ಇವತ್ತಾದ್ರೂ ಸಾರ್ಥಕ ಆಗ್ಲಿ" ಎಂದು ನಮ್ಮ ಅತ್ತೆ ಅವರೆಕಾಯಿ ಬಿಡಿಸುವ ಮೊರವನ್ನು ಎಳೆದುಕೊಂಡು ನನ್ನ ಪಕ್ಕದಲ್ಲೇ ಕುಳಿತರು. ಅತ್ತೆ ನಂಜನಗೂಡಿನವರು. ಹೆಣ್ಣುಮಕ್ಕಳಿಗೆ ಓದು ಯಾಕೆ ಎಂಬುದು ಅವರ ಪ್ರಶ್ನೆಯಲ್ಲ. ಓದಿದ ಹೆಣ್ಣುಮಗಳಿಗೆ ಸಾರು ಯಾಕೆ ಬರುವುದಿಲ್ಲ ಎಂಬುದು ಅವರ ಪ್ರಶ್ನೆ.

ಪುಸ್ತಕ ತೆರೆಯುವುದಕ್ಕೆ ಮೊದಲೇ ಮನೆಯವರೆಲ್ಲ ತಮ್ಮ ತಮ್ಮ ಬೇಡಿಕೆಗಳನ್ನು ಮುಂದಿಟ್ಟರು. ನಮ್ಮವರಿಗೆ, ಒಂದು ತಿಂಗಳ ಸಂಬಳ ಮೀರಬಾರದು. ಸೊಂಟದಲ್ಲಿದ್ದರೆ ದೂರಕ್ಕೆ ಕಾಣಬೇಕು, ಕೂತಾಗ ಹೊಟ್ಟೆಗೆ ಒತ್ತಬಾರದು. ಅತ್ತೆಗೆ, ಹಿತ್ತಲಿನ ಕೋತಿಗಳು ಓಡಬೇಕು, ಆದರೆ ಆಂಜನೇಯನ ವಂಶಕ್ಕೆ ಗುಂಡು ತಾಗಬಾರದು, ಸದ್ದು ಮಾತ್ರ ಆಗಬೇಕು. ಜವಾನ ಮಾದಯ್ಯ ಹೆಮ್ಮಿಗೆಯವನು. ಅವನು ಕಂಬಕ್ಕೆ ಒರಗಿ ನಿಂತು, "ಬುದ್ದೀ, ನಮ್ ಎಮ್ಮಿಗೇಲಿ ಅಂದಿ ಕಾಟ ಏಳತೀರದು. ಕಬ್ಬೆಲ್ಲಾ ಅಗ್ದು ಉಗ್ದು ಓಯ್ತವೆ. ಒಂದೇಟ್ಗೆ ಅಂದಿ ಬೀಳಂಗಿದ್ರೆ ಒಸಿ ನೋಡಿ" ಎಂದ. "ಹಂದಿ ಹೊಡೆಯಕ್ಕೆ ಸರ್ಕಾರ ನನಗೆ ಲೈಸೆನ್ಸು ಕೊಟ್ಟಿಲ್ಲ ಕಣೋ" ಎಂದು ನಮ್ಮವರು ಅಂದರೆ, "ಅಂದೀಗೇನು ಲೈಸನ್ಸು ಐತಾ ಬುದ್ದೀ, ಅದು ಗದ್ದೆಗೆ ಬರಾಕೆ?" ಎಂದು ಕೇಳಿದ. ಇನ್ನು ನನ್ನ ಬೇಡಿಕೆ ಒಂದೇ, ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ: ಅದು ಯಾವ ಕಾರಣಕ್ಕೂ ಹಾರಬಾರದು.

ಹೀಗೆ ದೊಡ್ಡದಾಗಿಯೂ ಚಿಕ್ಕದಾಗಿಯೂ, ಕೊಲ್ಲುವಂಥದೂ ಕೊಲ್ಲದಂಥದೂ, ಅಗ್ಗದ್ದೂ ಆದ ಒಂದು ಪಿಸ್ತೂಲನ್ನು ಹುಡುಕಲು ನಾನು ಮೊದಲ ಪುಟ ತೆರೆದೆ. ಒಂದು ಶಬ್ದವೂ ತಿಳಿಯಲಿಲ್ಲ. ಕಾನ್ವೆಂಟಿನ ಮದರುಗಳು ನನಗೆ ಬಹಳ ಚೆನ್ನಾಗಿ ಕಲಿಸಿದ್ದರು. ಹಿಮ ಬೀಳುವ ಬೆಳಗಿನ ಮೇಲೆ ಪ್ರಬಂಧ ಬರೆಯಬಲ್ಲೆ. ಸಮುದ್ರದ ದಡದಲ್ಲಿ ವಿಶ್ರಾಂತಿಗೆ ಹೋದ ಚಿಕ್ಕಮ್ಮನಿಗೆ ಆರೋಗ್ಯ ವಿಚಾರಿಸಿ ಪತ್ರ ಬರೆಯಬಲ್ಲೆ, ಅಂಥ ಚಿಕ್ಕಮ್ಮ ನನಗೆ ಇಲ್ಲದಿದ್ದರೂ. ಆದರೆ ಪಿಸ್ತೂಲಿನ ನಳಿಗೆಗೂ ಬೆರಳಿನಿಂದ ಎಳೆಯುವ ಕುದುರೆಗೂ ಗುಂಡು ತುಂಬುವ ಹೊಟ್ಟೆಗೂ ಇಂಗ್ಲೀಷಿನಲ್ಲಿ ಏನೆನ್ನುತ್ತಾರೆಂದು ಆ ಸಾಧ್ವಿಯರು ಹೇಳಿಕೊಟ್ಟಿರಲಿಲ್ಲ. ಅವರಿಗೂ ಗೊತ್ತಿತ್ತೋ ಇಲ್ಲವೋ.

"ಏನು ಬರೆದಿದೆ?" ಎಂದರು ನಮ್ಮವರು.

"ಬಹಳ ಗಟ್ಟಿಯಾಗಿದೆಯಂತೆ" ಎಂದೆ.

ಎರಡನೆಯ ಪಿಸ್ತೂಲಿಗೂ ಗಟ್ಟಿಯಾಗಿದೆ ಎಂದೆ. ಮೂರನೆಯದಕ್ಕೆ, "ಇದು ಅದಕ್ಕಿಂತ ಗಟ್ಟಿ" ಎಂದೆ. ಐದನೆಯದಕ್ಕೆ ಬರುವಾಗ ಅತ್ತೆ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ, "ಇಷ್ಟುದ್ದ ಬರ್ದು ಇಷ್ಟೇನಾ ಹೇಳಿರೋದು?" ಎಂದರು. ಅವರ ದನಿಯಲ್ಲಿ ಸಾರಿನ ವಾಸನೆ ಬಂತು. ಇಂದು ನನ್ನ ಇಂಗ್ಲೀಷು ಮುಳುಗಿತು, ನಾಳೆಯಿಂದ ಈ ಮನೆಯಲ್ಲಿ ನಾನು ಬರೀ ಉಪ್ಪು ಹೆಚ್ಚು ಹಾಕುವ ಸೊಸೆ ಎಂದುಕೊಂಡೆ.

ಆಗ, ಪುಸ್ತಕದ ಕೊನೆಯ ಕಡೆ, ಇಕ್ಕಳದಷ್ಟು ಪುಟ್ಟದಾದ ಒಂದು ಪಿಸ್ತೂಲು ಕಣ್ಣಿಗೆ ಬಿತ್ತು. ಬೆಲೆ ಎಲ್ಲಕ್ಕಿಂತ ಕಡಿಮೆ. ಅದನ್ನು ನಮ್ಮವರೇ ಓದಿಕೊಂಡು ಹತ್ತಿರ ಸರಿದರು. ಚಿತ್ರದ ಕೆಳಗಿದ್ದ ವಿವರಣೆಯನ್ನು ಓದಿದೆ. ದೇವರ ದಯೆ, ಒಂದೊಂದು ಶಬ್ದವೂ ತಿಳಿಯಿತು! ಆರು ಗುಂಡು ಹಿಡಿಯುತ್ತದೆ. ಜೇಬಿನಲ್ಲಿಟ್ಟುಕೊಳ್ಳಬಹುದು. ತೋಟಾಗಳಲ್ಲಿ ಮೂರು ಬಗೆ: ಸೀಸದ ಗುಂಡು, ಬರೀ ಸದ್ದು, ಖಾರದ ಪುಡಿ. ನಾಲ್ಕನೆಯ ಸಾಲು ಇನ್ನೂ ಸುಲಭವಾಗಿತ್ತು, ಕಾನ್ವೆಂಟಿನ ಮೂರನೆಯ ತರಗತಿಯ ಮಗುವೂ ಓದಬಹುದಿತ್ತು: ಬೈಸಿಕಲ್ಲಿನ ಸವಾರರನ್ನು ಬೆನ್ನಟ್ಟಿ ಬರುವ ನಾಯಿಗಳನ್ನು ಹೆದರಿಸುವುದಕ್ಕೆಂದೇ ತಯಾರಿಸಿದ್ದು. ಐದನೆಯ ಸಾಲು, ತುಕ್ಕು ಹಿಡಿಯುವುದಿಲ್ಲ.

ಮೊದಲ ಮೂರು ಸಾಲುಗಳನ್ನು ಗಟ್ಟಿಯಾಗಿ ಕನ್ನಡದಲ್ಲಿ ಹೇಳಿದೆ. ಮೂರನೆಯದನ್ನು ಕೇಳಿ ಮನೆಯವರ ಮುಖಗಳು ಅರಳಿದವು. ಕಳ್ಳರಿಗೆ ಗುಂಡು, ಕೋತಿಗೆ ಸದ್ದು, ಹಂದಿಗೆ ಖಾರ! ಒಂದರಲ್ಲಿ ಮೂರು, ಅದೂ ಇಷ್ಟು ಅಗ್ಗಕ್ಕೆ! ಆ ಮುಖಗಳನ್ನು ನೋಡಿದ ಮೇಲೆ ನಾಲ್ಕನೆಯ ಸಾಲನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ. ಹೇಳಿದರೆ ಪುಸ್ತಕ ಮತ್ತೆ ಮೊದಲ ಪುಟಕ್ಕೆ ತಿರುಗುತ್ತದೆ, ನಾನು ಮತ್ತೆ ಗಟ್ಟಿ, ಅದಕ್ಕಿಂತ ಗಟ್ಟಿ ಎನ್ನಬೇಕು. "ತುಕ್ಕು ಹಿಡಿಯೋದಿಲ್ಲವಂತೆ" ಎಂದು ಮುಗಿಸಿ ಪುಸ್ತಕ ಮುಚ್ಚಿದೆ. ಪಿಸ್ತೂಲಿನ ಗುಣ ನೋಡಿ ಆರಿಸುವವರಿದ್ದಾರೆ, ಬೆಲೆ ನೋಡಿ ಆರಿಸುವವರಿದ್ದಾರೆ. ಅರ್ಥವಾಗುವ ಶಬ್ದಗಳನ್ನು ನೋಡಿ ಆರಿಸಿದವಳು ಬಹುಶಃ ನಾನೊಬ್ಬಳೇ.

ಅತ್ತೆ ಮಾತ್ರ, "ಖಾರದ ಪುಡಿ ಮದರಾಸಿಂದ ಯಾಕೆ ತರಿಸ್ಬೇಕು, ನಮ್ಮನೇಲಿಲ್ವಾ?" ಎಂದರು.

ಪಾರ್ಸೆಲು ರೈಲಿನಲ್ಲಿ ನಂಜನಗೂಡಿಗೆ ಬಂತು. ಮಾದಯ್ಯ ಗಾಡಿ ಕಟ್ಟಿಕೊಂಡು ಹೋಗಿ ತಂದ. ಅತ್ತೆ ಅದಕ್ಕೆ ಮೂರು ಬೆರಳಿನ ವಿಭೂತಿ ಹಚ್ಚಿ, ದಾಸವಾಳ ಇಟ್ಟು, ಬೆಲ್ಲದ ಚೂರು ನೈವೇದ್ಯ ಮಾಡಿದರು. ಮಾದಯ್ಯ ಅದನ್ನು ಬಹಳ ಹೊತ್ತು ದಿಟ್ಟಿಸಿ, "ಇದ್ರ ಅವ್ವ ಇನ್ನೊಂದು ಪೆಟ್ಗೇಲಿ ಬತ್ತದಾ ಬುದ್ದೀ?" ಎಂದು ಕೇಳಿ ಬೈಸಿಕೊಂಡ. ಪರೀಕ್ಷೆಗೆಂದು ನಮ್ಮವರು ಹಿತ್ತಲಿಗೆ ಹೋಗಿ ಖಾರದ ತೋಟಾ ತುಂಬಿ, ಕಣ್ಣು ಮುಚ್ಚಿಕೊಂಡು ಹಾರಿಸಿದರು. ಹೊಳೆಯ ಕಡೆಯ ಗಾಳಿ ಆ ಕ್ಷಣಕ್ಕೇ ತಿರುಗಬೇಕೆ? ನಮ್ಮವರು ಸೀನಿದರು, ಮಾದಯ್ಯ ಸೀನಿದ, ಕೊಟ್ಟಿಗೆಯ ಹಸು ಕೂಡ ಸೀನಿತು. ಕೋತಿಗಳು ಗೋಡೆಯ ಮೇಲೆ ಸಾಲಾಗಿ ಕುಳಿತು ನೋಡಿದವು. ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಅತ್ತೆ, "ಖಾರ ಸಾಲ್ದು" ಎಂದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಬಚಾವು. ಆದರೆ ಕೊಂಡ ಪಿಸ್ತೂಲನ್ನು ಅಸಿಸ್ಟೆಂಟ್ ಕಮಿಷನರ್ ಸಾಹೇಬರಿಗೆ ತೋರಿಸಿ ನಂಬರು ಬರೆಸಬೇಕೆಂಬ ನಿಯಮವಿತ್ತು. ಸಾಹೇಬರು ನಂಜನಗೂಡಿನಲ್ಲಿ ಕ್ಯಾಂಪು ಮಾಡಿದ್ದರು. ಅವರಿಗೆ ನನಗಿಂತ ಚೆನ್ನಾಗಿ ಇಂಗ್ಲೀಷು ಬರುತ್ತಿತ್ತೆಂಬುದರಲ್ಲಿ ಸಂಶಯವಿರಲಿಲ್ಲ. ನಮ್ಮವರು ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿ, ಅದು ಕಾಣಲೆಂದು ಕೋಟಿನ ಗುಂಡಿ ಬಿಚ್ಚಿಕೊಂಡು ಹೊರಟರು. ಆ ದಿನವೆಲ್ಲ ನಾನು ಸಾರಿಗೆ ಉಪ್ಪೇ ಹಾಕಲಿಲ್ಲ. ಹಾಕಿದ್ದೇನೆಯೋ ಇಲ್ಲವೋ ಎಂಬ ಪರಿವೆಯೂ ಇರಲಿಲ್ಲ.

ಸಂಜೆ ಗಾಡಿ ಬಂದು ನಿಂತಿತು. ನಮ್ಮವರು ಇಳಿದರು. ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದರು, ಕುತ್ತಿಗೆಯವರೆಗೆ.

"ಸಾಹೇಬ್ರು ಪಿಸ್ತೂಲನ್ನ ಕೈಗೆ ತಗೊಂಡು ತಿರುಗಿಸಿ ನೋಡಿದ್ರು" ಎಂದು ಜಗುಲಿಯ ಮೇಲೆ ಕುಳಿತು ಹೇಳತೊಡಗಿದರು. "ಆಮೇಲೆ ಕಿಟಕೀಲಿ ಬಗ್ಗಿ ಆಚೆ ನೋಡಿದ್ರು. 'ಶೇಕದಾರ್ರೇ, ಬೈಸಿಕಲ್ಲು ಎಲ್ಲಿ ನಿಲ್ಲಿಸಿದ್ದೀರಿ?' ಅಂದ್ರು. ನಾನು ಗಾಡೀಲಿ ಬಂದೆ ಸ್ವಾಮಿ ಅಂದೆ. 'ಗಾಡಿ ಹಿಂದೇನೂ ನಾಯಿ ಅಷ್ಟು ಜೋರಾಗಿ ಬರ್ತವಾ?' ಅಂದ್ರು. ಗುಮಾಸ್ತರೆಲ್ಲ ನಕ್ಕರು. ಯಾಕೆ ಅಂತ ಗೊತ್ತಾಗ್ದೆ ನಾನೂ ನಕ್ಕೆ." ಇಲ್ಲಿಗೆ ನಿಲ್ಲಿಸಿ ನನ್ನ ಕಡೆ ತಿರುಗಿದರು. "ಏನೇ, ಆ ಪುಸ್ತಕದಲ್ಲಿ ನಾಯಿ ಅಂತ ಎಲ್ಲೂ ಬರೆದಿರಲಿಲ್ವಾ?"

ಬರೆದಿತ್ತು ಎಂದರೆ ಸುಳ್ಳುಗಾತಿ. ಇರಲಿಲ್ಲ ಎಂದರೆ ನಾಯಿ ಎಂಬುದಕ್ಕೂ ಇಂಗ್ಲೀಷು ಗೊತ್ತಿಲ್ಲದ ಕಾನ್ವೆಂಟಿನವಳು. ಎರಡರಲ್ಲಿ ಯಾವುದು ಕಡಿಮೆ ಅವಮಾನವೆಂದು ನಾನು ತೂಗಿ ನೋಡುತ್ತಿರುವಾಗ, ಒಳಗಿನಿಂದ ಅತ್ತೆಯ ದನಿ ಬಂತು.

"ಅವ್ಳು ಅವತ್ತೇ ಹೇಳಿದ್ಲು ಕಣೋ ಮಗ, ನೀನು ಎದ್ದು ಹೋದ್ಮೇಲೆ. ನಾನೇ ಬಾಯ್ಮುಚ್ಕೊ ಅಂದೆ. ನಾಯಿ ಓಡ್ಸಿದ್ರೆ ಸಾಲ್ದಾ ನಿಂಗೆ? ಮನುಷ್ರ ಮೇಲೆ ಹಾರ್ಸಿ ಜೈಲಿಗೆ ಹೋಗ್ಬೇಕಾ?"

ನಮ್ಮವರು ಎದ್ದು ಕಾಲು ತೊಳೆಯಲು ಹೋದರು. ತಾಯಿಯ ಮಾತಿಗೆ ಅವರು ಎಂದೂ ಎದುರಾಡಿದವರಲ್ಲ. ನಾನು ಕಾಲೆಳೆದುಕೊಂಡು ಅಡುಗೆಮನೆಗೆ ಹೋದೆ. ಅತ್ತೆ ಒಲೆಯ ಮುಂದೆ ಕುಳಿತು ನನ್ನ ಸಾರಿಗೆ ಉಪ್ಪು ಹಾಕುತ್ತಿದ್ದರು.

"ಅತ್ತೆ, ನಿಮಗೆ ಹೇಗೆ ಗೊತ್ತಾಯ್ತು?"

"ಚಿತ್ರದ ಕೆಳಗೆ ಐದು ಗೆರೆ ಇತ್ತು. ನೀನು ಹೇಳಿದ್ದು ನಾಕು ಮಾತು. ನಾಕನೇ ಗೆರೆ ಹತ್ರ ನಿನ್ ಬೆರಳು ನಿಂತ್ಕಂತು, ಆಮೇಲೆ ಕೆಳಕ್ಕೆ ಹಾರ್ತು. ಓದಕ್ಕೆ ಬರ್ದೇ ಇದ್ರೆ ಎಣಸಕ್ಕೂ ಬರಲ್ವಾ ಅಮ್ಮಣ್ಣಿ?"

"ಮತ್ತೆ ಆವಾಗಲೇ ಯಾಕೆ ಕೇಳಲಿಲ್ಲ?"

"ದೊಡ್ಡ ಪಿಸ್ತೂಲು ತಂದಿದ್ರೆ ಮೊದ್ಲು ಗುಂಡು ಅವನ ಕಾಲಿಗೇ ಬೀಳ್ತಿತ್ತು. ನನ್ ಮಗನ್ನ ನಾನು ನೋಡಿಲ್ವಾ?" ಎಂದು ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ, "ಈಗ ಸರಿಯಾಯ್ತು" ಎಂದರು. ಸಾರಿನ ವಿಷಯವೋ ಮಗನ ವಿಷಯವೋ ನಾನು ಕೇಳಲಿಲ್ಲ.

ನನ್ನ ಮಾನ ಉಳಿಯಿತು, ನಿಜ. ಆದರೆ ಅದು ಈಗ ಅತ್ತೆಯ ಸೆರಗಿನ ಗಂಟಿನಲ್ಲಿತ್ತು. ಅಷ್ಟರಲ್ಲಿ ನಮ್ಮವರು ಒಳಗೆ ಬಂದು ಚೀಲದಿಂದ ಇನ್ನೊಂದು ಪುಸ್ತಕ ತೆಗೆದರು. ಸಾಹೇಬರೇ ಕೊಟ್ಟು ಕಳಿಸಿದ್ದಂತೆ. ಪಿಸ್ತೂಲು ಹೇಗೂ ಆಯಿತು, ಅದಕ್ಕೆ ಒಪ್ಪುವ ಬೈಸಿಕಲ್ಲೊಂದನ್ನು ಆರಿಸಿಕೊಳ್ಳಿ ಎಂದಿದ್ದರಂತೆ. ಅದು ಗೇಲಿ ಎಂದು ನನಗೆ ತಿಳಿಯಿತು. ನಮ್ಮವರಿಗೆ ತಿಳಿದಿರಲಿಲ್ಲ. "ಹೆಮ್ಮಿಗೆ ರಸ್ತೆ ಚೆನ್ನಾಗಿದೆ, ಅಗ್ಗದ್ದು ಇದ್ದರೆ ನೋಡು" ಎಂದು ಪುಸ್ತಕವನ್ನು ನನ್ನ ಮಡಿಲಲ್ಲಿ ಇಟ್ಟರು.

ಅತ್ತೆ ಕೈ ಒರೆಸಿಕೊಂಡು ಬಂದು ನನಗೆ ಒತ್ತಿಕೊಂಡು ಕುಳಿತರು. ಈ ಸಲ ಮೊರ ತರಲಿಲ್ಲ. ಮೊದಲ ಬೈಸಿಕಲ್ಲಿನ ಚಿತ್ರದ ಕೆಳಗೆ ಬೆರಳಿಟ್ಟು ಮೇಲಿನಿಂದ ಕೆಳಗೆ ಎಣಿಸಿ, "ಏಳು" ಎಂದರು. ಆಮೇಲೆ ಬೆರಳನ್ನು ಮೊದಲ ಸಾಲಿಗೆ ಒಯ್ದರು. ನಾನು ಓದಿದೆ. ಬೆರಳು ಎರಡನೆಯದಕ್ಕೆ ಇಳಿಯಿತು. ಅದನ್ನೂ ಹೇಗೋ ದಾಟಿದೆ. ಮೂರನೆಯ ಸಾಲಿನಲ್ಲಿ ಆರು ಶಬ್ದಗಳಿದ್ದವು. ನನಗೆ ಗೊತ್ತಿದ್ದುದು ಅವುಗಳಲ್ಲಿ ಒಂದು, ಅದರ ಅರ್ಥ 'ಮತ್ತು'. ಅದನ್ನು ಹೇಳಿದೆ. ಅತ್ತೆಯ ಬೆರಳು ಅಲ್ಲೇ ಕಾಯುತ್ತಿತ್ತು.