ಗ್ರಹಣ ಕಂಡ ಎಕ್ಸ್‌ರೇ

ಮನುಷ್ಯನಿಗೆ ಪೆಟ್ಟು ಬೀಳಲೇಬೇಕೆಂದಿದ್ದರೆ ಹೇಳಿಕೊಳ್ಳುವಂಥ ಜಾಗದಲ್ಲಿ ಬೀಳಬೇಕು. ಕೈ ಮುರಿದರೆ ಕೊರಳಿಗೆ ಬಟ್ಟೆ ಕಟ್ಟಿ ಗತ್ತಿನಿಂದ ಓಡಾಡಬಹುದು. ಕಾಲು ಮುರಿದರೆ ಕೂತಲ್ಲಿಗೇ ಕಾಫಿ ತರಿಸಿಕೊಳ್ಳಬಹುದು. ನನಗೆ ಮುರಿದದ್ದು ಬೆನ್ನು ಮುಗಿದು ಇನ್ನೇನು ಬಾಲ ಶುರುವಾಗಬೇಕಿತ್ತು ಎನ್ನುವ ಜಾಗದ ಮೂಳೆ. ತೊಂಬತ್ತರ ದಶಕದ ನಡುವಿನ ಮಾತು. ಅರಕೆರೆಯ ನಾಲೆಯಲ್ಲಿ ಕಾಲು ತೊಳೆಯಲು ಇಳಿದವನು ಪಾಚಿಯ ಮೇಲೆ ಜಾರಿ, ಕೂತ ಭಂಗಿಯಲ್ಲೇ ಮೂರು ಮೆಟ್ಟಿಲು ಇಳಿದೆ. ಹೈಸ್ಕೂಲಿನ ಗುಮಾಸ್ತನಾದ ನನಗೆ ಕೂರುವುದೇ ಉದ್ಯೋಗ, ಅದೇ ತಪ್ಪಿಹೋಯಿತು. ಕೇಳಿದವರಿಗೆಲ್ಲ ಸೊಂಟ ಉಳುಕಿದೆ ಎಂದು ಹೇಳಿ ಮಾನ ಉಳಿಸಿಕೊಂಡಿದ್ದೆ.

ಉಳಿದಿದ್ದನ್ನು ಕಳೆದವರು ಪಕ್ಕದ ಮನೆಯ ನಿಂಗೇಗೌಡರು. ಅದು ಅವರ ನಿಜವಾದ ಹೆಸರಲ್ಲ, ಯಾಕೆಂದು ಆಮೇಲೆ ನಿಮಗೇ ತಿಳಿಯುತ್ತದೆ. ನಮ್ಮ ಕಡೆ ಕಾಯಿಲೆ ಎಂಬುದು ಕಾಯಿಲೆಯವನೊಬ್ಬನ ಸ್ವತ್ತಲ್ಲ. ಬನ್ನು, ಬಾಳೆಹಣ್ಣು ಹಿಡಿದು ನೋಡಲು ಬಂದವರಿಗೆಲ್ಲ ಮೊದಲಿನಿಂದ ಕಥೆ ಒಪ್ಪಿಸಬೇಕು. ಡಾಕ್ಟರ ಹತ್ತಿರ ಒಬ್ಬನೇ ಹೋಗುವುದಂತೂ ಅನಾಥರ ಲಕ್ಷಣ. ಜೊತೆಗೊಬ್ಬರು ಬರಬೇಕು, ಒಳಗೂ ಬರಬೇಕು. ನನ್ನ ಪಾಲಿಗೆ ಬಂದವರು ಗೌಡರು. ಎಲ್ಲಿ ನೋವು ಎಂದು ಡಾಕ್ಟರು ನನ್ನನ್ನು ಕೇಳಿದರೆ ಗೌಡರು ತೋರಿಸುತ್ತಿದ್ದರು, ನನ್ನ ಮೈಮೇಲೆಯೇ. ಬಸ್ಸು ಹತ್ತಿದರೆ ಕಂಡಕ್ಟರಿಗೆ, "ನಮ್ ಶಿವಣ್ಣ ಕೂರಂಗಿಲ್ಲ ಕಣಪ್ಪ, ಬುಡದ ಮೂಳೆ ಮುರ್ಕಂಡವ್ನೆ, ನಿಂತ್ಕಳಕ್ಕೆ ಒಸಿ ಜಾಗ ಮಾಡ್ಕೊಡು" ಎನ್ನುವರು. ಇಡೀ ಬಸ್ಸು ತಿರುಗಿ ನೋಡುವುದು, ನನ್ನ ಮುಖವನ್ನಲ್ಲ.

ನನ್ನದೊಂದು ಅಪಘಾತ ವಿಮೆ ಇತ್ತು. ಕೆಲಸಕ್ಕೆ ಹೋಗಲಾಗದ ವಾರಗಳಿಗೆ ಪರಿಹಾರ ಕೊಡುತ್ತಾರೆಂದು ಅರ್ಜಿ ಹಾಕಿದ್ದೆ. ಸಂಬಳವಿಲ್ಲದ ರಜೆ ಎರಡನೇ ತಿಂಗಳಿಗೆ ಬಿದ್ದಿತ್ತು, ನನ್ನ ಹೆಂಡತಿ ಡೈರಿಗೆ ಹಾಕುವ ಹಾಲಿನ ಮೇಲೆ ಮನೆ ನಡೆಯುತ್ತಿತ್ತು. ಅಷ್ಟರಲ್ಲಿ ಕಂಪನಿಯಿಂದ ಕಾಗದ ಬಂತು. ನಿಮ್ಮ ಡಾಕ್ಟರ ಸರ್ಟಿಫಿಕೇಟು ಸಾಲದು, ಶ್ರೀರಂಗಪಟ್ಟಣದಲ್ಲಿ ನಾವು ಗೊತ್ತುಮಾಡಿದ ಡಾಕ್ಟರು ಸ್ವತಂತ್ರವಾಗಿ ಪರೀಕ್ಷಿಸುತ್ತಾರೆ, ಇಂಥ ತಾರೀಖಿನೊಳಗೆ ಅಸಲು ಎಕ್ಸ್‌ರೇ ಸಮೇತ ಹಾಜರಾಗಿ, ತಪ್ಪಿದರೆ ಅರ್ಜಿ ವಜಾ. ಮುರಿದ ಮೂಳೆಗೂ ಎರಡನೇ ಸಾಕ್ಷಿ ಬೇಕೆಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಬರುವ ಸಿಟ್ಟೆಲ್ಲ ಬಂದು ಹೋದ ಮೇಲೆ, ಕೊನೆಯ ದಿನ ಗೌಡರ ಜೊತೆ ಹೊರಟೆ.

ಎಕ್ಸ್‌ರೇಯದು ಬೇರೆಯೇ ಕಥೆ. ಅದಕ್ಕೆ ಸ್ವಲ್ಪ ದಿನ ಮುಂಚೆ ಸೂರ್ಯಗ್ರಹಣವಾಗಿತ್ತು. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಮೂಢನಂಬಿಕೆ ಓಡಿಸುವ ಹುರುಪಿನಲ್ಲಿ, ಮಕ್ಕಳಿಗೆ ಗ್ರಹಣ ತೋರಿಸಲೆಂದು ಊರ ಮನೆಗಳಲ್ಲಿದ್ದ ಎಕ್ಸ್‌ರೇಗಳನ್ನೆಲ್ಲ ತರಿಸಿದ್ದರು. ಹಾಗೆ ನೋಡುವುದು ಕಣ್ಣಿಗೆ ಕೇಡೆಂದು ಆಮೇಲೆ ಗೊತ್ತಾಯಿತು. ಎಂಟನೇ ತರಗತಿಯಿಡೀ ನನ್ನ ಬುಡದ ಮೂಳೆಯ ಮೂಲಕ ಸೂರ್ಯನನ್ನು ನೋಡಿತು. ಗ್ರಹಣ ಬಿಟ್ಟ ಮೇಲೆ ಜವಾನ ಮನೆಗೊಂದರಂತೆ ವಾಪಸು ಹಂಚಿದ. ಮನೆಗೆ ಬಂದ ಲಕೋಟೆಯನ್ನು ನಾನು ಬಿಚ್ಚದೆ ಬೀರುವಿನ ಮೇಲಿಟ್ಟೆ. ನೋಡಿ ಸಂತೋಷಪಡುವಂಥದ್ದು ಅದರಲ್ಲೇನಿತ್ತು?

ಡಾಕ್ಟರ ಕೋಣೆಯಲ್ಲಿ ಫಿಲಂ ಎಳೆದು ಕಿಟಕಿಯ ಬೆಳಕಿಗೆ ಹಿಡಿದೆ. ಸಾಲಾಗಿ ಪಕ್ಕೆಲುಬುಗಳು ಕಂಡವು. ಮೂಲೆಯಲ್ಲಿ ಅಂಟಿಸಿದ ಚೀಟಿಯಲ್ಲಿ ಕ್ಷಯದ ಆಸ್ಪತ್ರೆಯ ಮೊಹರು, ಅದರ ಕೆಳಗೆ ನಿಂಗೇಗೌಡರ ಹೆಸರು. ನನ್ನ ಹೆಬ್ಬೆರಳು ತಾನಾಗಿಯೇ ಆ ಚೀಟಿಯ ಮೇಲೆ ಹೋಯಿತು. ತಿರುಗಿ ನೋಡಿದರೆ ಗೌಡರು ಹೆಗಲ ಟವೆಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಎರಡು ವರ್ಷದ ಹಿಂದೆ ಕಿಕ್ಕೇರಿಯ ಅಕ್ಕನ ಮನೆಯಲ್ಲಿದ್ದೆನೆಂದು ಹೇಳಿಕೊಂಡು ಆರು ತಿಂಗಳು ಊರಲ್ಲಿರದೆ, ಬತ್ತಿಹೋಗಿ ಬಂದಿದ್ದರು. ಅಕ್ಕ ಅನ್ನ ಹಾಕಲಿಲ್ಲವೇ ಎಂದು ನಾನೇ ಗೇಲಿ ಮಾಡಿದ್ದೆ. ಈಗ ಅವರ ಮಗಳಿಗೆ ಪಾಂಡವಪುರದ ಗಂಡು ಗೊತ್ತಾಗಿತ್ತು. ಬಾಗಿಲಲ್ಲಿ ನಿಂತಿದ್ದ ಕಾಂಪೌಂಡರು ಅದೇ ಪಾಂಡವಪುರದವನು, ಬಂದಾಗಲೇ ಗೌಡರ ಹತ್ತಿರ ಊರು ಕೇರಿ ವಿಚಾರಿಸಿದ್ದ.

ನಾನು ಹೆಬ್ಬೆರಳು ಎತ್ತಿದರೆ ಸಾಕಿತ್ತು. ಬಸ್ಸಿನಲ್ಲಿ ಆದ ಅವಮಾನಕ್ಕೆಲ್ಲ ಬಡ್ಡಿ ಸಮೇತ ತೀರುತ್ತಿತ್ತು. ಒಂದು ಗಳಿಗೆ ಎತ್ತಬೇಕೆನ್ನಿಸಿತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಆದರೆ ಆ ಮುಖ ನೋಡಿ ಹೆಬ್ಬೆರಳನ್ನು ಇನ್ನಷ್ಟು ಒತ್ತಿ ಹಿಡಿದೆ.

"ಇದು ಎದೆಯದ್ದು ಕಣ್ರೀ. ಯಾರದ್ದು?" ಎಂದರು ಡಾಕ್ಟರು.

"ಗೊತ್ತಿಲ್ಲ ಸಾರ್. ಗ್ರಹಣದ ದಿನ ಸ್ಕೂಲಲ್ಲಿ ಅದಲುಬದಲಾಗಿದೆ" ಎಂದು ಫಿಲಮನ್ನು ಲಕೋಟೆಗೆ ತುರುಕಿದೆ.

"ಹಂಗಾದ್ರೆ ಹೊಸದಾಗಿ ತೆಗೀಬೇಕು. ನಾನೂ ಪೂರ್ತಿ ಪರೀಕ್ಷೆ ಮಾಡಬೇಕಾಗುತ್ತೆ. ಮಲಗಿ."

ಅಂಗಾತ ಮಲಗಿದೆ. ಬೋರಲು ಮಲಗಿ ಎಂದರು. ಗೌಡರು ಯಾವತ್ತೂ ಇಂಥ ಹೊತ್ತಿನಲ್ಲಿ ಮುಂದೆ ಬಂದು ಜಾಗ ತೋರಿಸುವವರು, ಅವತ್ತು "ನಾನು ಆಚೆ ಇರ್ತೀನಿ ಸಾ" ಎಂದು ಹೊರಗೆ ಹೋಗಿ ಬಾಗಿಲನ್ನೂ ಎಳೆದುಕೊಂಡರು. ಆ ಪರೀಕ್ಷೆಯ ವಿವರ ನಿಮಗೂ ಹೇಳುವುದಿಲ್ಲ. ಅದೊಂದಾದರೂ ನನ್ನದಾಗಿರಲಿ.

ವಾಪಸು ಬರುವಾಗ ಕಂಡಕ್ಟರು ವಾಡಿಕೆಯಂತೆ, "ಏನ್ ಗೌಡ್ರೇ, ಬುಡದ ಮೂಳೆ ಕೂಡ್ಕತಾ?" ಎಂದ.

"ಅದೆಲ್ಲ ನಿಂಗ್ಯಾಕ್ಲಾ, ಟಿಕೇಟ್ ಕೊಡು" ಎಂದರು ಗೌಡರು. ಸೀಟು ಖಾಲಿಯಿದ್ದರೂ ಅವರು ಕೂರಲಿಲ್ಲ, ಉದ್ದಕ್ಕೂ ನನ್ನ ಪಕ್ಕದಲ್ಲೇ ಕಂಬಿ ಹಿಡಿದು ನಿಂತರು. ಅರಕೆರೆ ಹತ್ತಿರವಾದಾಗ ಮೆಲ್ಲಗೆ, "ವಾಸಿ ಆಗೈತೆ ಕಣಯ್ಯಾ, ಡಾಕ್ಟ್ರೇ ಬರ್ಕೊಟ್ಟವ್ರೆ. ಪೆಟ್ಟಿಗೆ ತಳದಾಗೆ ಮಡಗಿದ್ದೆ. ನಮ್ಮವಳು ಓದಕ್ ಬರದೋಳು, ಸ್ಕೂಲ್ನೋರು ಕೇಳುದ್ರು ಅಂತ ತಗ್ದು ಕೊಟ್ಬುಟ್ಟವ್ಳೆ" ಎಂದರು.

"ಯಾವುದು ಗೌಡ್ರೇ?" ಎಂದೆ.

ಅವರು ಕಿಟಕಿ ಕಡೆ ತಿರುಗಿ ಟವೆಲಿನಿಂದ ಮುಖ ಒರೆಸಿಕೊಂಡರು. ಸಂಜೆ, ತಮ್ಮ ಮನೆ ಸೇರಿದ್ದ ನನ್ನ ಎಕ್ಸ್‌ರೇಯನ್ನು ಅದೇ ಟವೆಲಿನಡಿ ತಂದುಕೊಟ್ಟು, ತಮ್ಮದನ್ನು ಒಯ್ದರು. ಪರಿಹಾರವೂ ಬಂತು. ಮಗಳ ಮದುವೆಯೂ ಆಯಿತು, ನಾನು ನಿಂತೇ ಪಾಯಸ ಕುಡಿದೆ.

ಶ್ರೀರಂಗಪಟ್ಟಣಕ್ಕೆ ಹೋಗಿಬಂದ ದಿನದಿಂದ ಗೌಡರು ನನ್ನ ಮೂಳೆಯ ಸುದ್ದಿ ಎತ್ತಲಿಲ್ಲ. ಅವರು ಎತ್ತದಿದ್ದ ಮೇಲೆ ಊರಿಗೆ ತಿಳಿಯುವುದು ಹೇಗೆ? ಮೊದಲ ವಾರ ಹಾಯೆನಿಸಿತು. ಎರಡನೇ ವಾರ ಬನ್ನು, ಬಾಳೆಹಣ್ಣು ನಿಂತವು. ಯಾರೂ ಹೇಗಿದ್ದೀಯ ಎನ್ನಲಿಲ್ಲ, ನನಗೆ ನಿಜವಾಗಿಯೂ ಬೇಜಾರಾಯಿತು. ಮೂರನೇ ವಾರ ಬಸ್ಸಿನಲ್ಲಿ ಗುರುತಿಲ್ಲದವರೊಬ್ಬರು ಸರಿದು ಕೂತು, "ಕೂತ್ಕಳಿ ಸಾ" ಎಂದರು. ನಾನು ಕೂರಂಗಿಲ್ಲಪ್ಪ ಎಂದು ಶುರು ಮಾಡಿದವನು, ಶ್ರೀರಂಗಪಟ್ಟಣ ಬರುವ ಹೊತ್ತಿಗೆ ಎಲ್ಲಿ ಮುರಿದದ್ದೆಂದು ಕೈಯಿಟ್ಟು ತೋರಿಸುತ್ತಿದ್ದೆ.