ಟಗರಿನ ಮೂತಿಯ ಮಜ್ಜಿಗೆ

ನಮ್ಮ ಭಾವನಿಗೆ ಬುದ್ಧಿಯಿಲ್ಲ ಎಂದು ನಾನು ಹೇಳುವುದಿಲ್ಲ. ಇದೆ, ಆದರೆ ಅದೆಲ್ಲ ಎರಡೂವರೆ ಸಾವಿರ ವರ್ಷ ಹಿಂದೆಯೇ ಉಳಿದುಬಿಟ್ಟಿದೆ! ಅಮೆರಿಕದ ಗೈದರ್ಸ್‌ಬರ್ಗಿನ ಲ್ಯಾಬೊಂದರಿಂದ ರಿಟೈರ್ ಆದ ಮನುಷ್ಯ ಗಾಲ್ಫ್ ಕಲಿಯಬಹುದಿತ್ತು, ಹಿತ್ತಲಲ್ಲಿ ಮೆಂತ್ಯ ಹಾಕಬಹುದಿತ್ತು. ಇವರು ವಾಷಿಂಗ್ಟನ್ ಡಿ.ಸಿ.ಯ ಮ್ಯೂಸಿಯಂಗೆ ಹೋಗಿ, ಹಳೆಯ ಪರ್ಷಿಯಾದ ರಾಜರು ಕುಡಿಯುತ್ತಿದ್ದ ಪಾತ್ರೆ ನೋಡಿಕೊಂಡು ಬಂದರು. ಅಲ್ಲಿಗೆ ನಮ್ಮ ಗ್ರಹಚಾರ ಕೆಟ್ಟಿತು.

ಪಾತ್ರೆಯೆಂದರೆ ಒಂದು ಕೊಂಬು. ಮೇಲೆ ಅಗಲ ಬಾಯಿ, ಕೆಳಗೆ ಟಗರಿನದೋ ಸಿಂಹದ್ದೋ ಮುಖ, ಮೂತಿಯಲ್ಲೊಂದು ತೂತು. ತೂತಿಗೆ ಬೆರಳೊತ್ತಿ ತುಂಬಿಸಬೇಕು. ಎತ್ತಿ ಹಿಡಿದು ಬೆರಳು ತೆಗೆದರೆ ಧಾರೆ ಬಾಯಿಗೆ ಬೀಳಬೇಕು. ತಳವೇ ಇಲ್ಲದ್ದರಿಂದ ಕುಡಿದು ಮುಗಿಸುವ ತನಕ ಕೆಳಗಿಡುವಂತಿಲ್ಲ. ತೂತು ಲೋಟಕ್ಕೆ ಗಾಜಿನ ಪೆಟ್ಟಿಗೆ, ಕಾವಲು ಬೇರೆ! ನಮ್ಮಮ್ಮನಾಗಿದ್ದರೆ ಹಳೇ ಪಾತ್ರೆಯವನಿಗೆ ಕೊಟ್ಟು ಎರಡು ಚಮಚ ತೆಗೆದುಕೊಳ್ಳುತ್ತಿದ್ದಳು.

"ನೋಡಮ್ಮಾ, ಪರ್ಷಿಯನ್ಸ್ ಕೂಡ ನಮ್ಮ ಹಾಗೇ ಎತ್ತಿ ಕುಡೀತಿದ್ರು. ಎಂಜಲಿಲ್ಲ!" ಎಂದರು ಭಾವ.

"ಮಡೀಲಿ ವೈನ್ ಕುಡೀತಿದ್ರು ಅನ್ನಿ," ಎಂದೆ.

ಅಂಥ ಕೊಂಬನ್ನು ತಾವೇ ಮಾಡಬೇಕೆಂದು ಭಾವ ಪಾಟರಿ ಕ್ಲಾಸ್ ಸೇರಿದರು. ಮೊದಲು ಮಾಡಿದ ಸಿಂಹ ಹಂದಿಯಾಯಿತು. ಕುದುರೆಗೆ ನಮ್ಮ ಸೋದರಮಾವನ ಮುಖ ಬಂತು. ಆಮೇಲೆ ಮಾಡಿದ ಹನ್ನೆರಡು ಟಗರುಗಳು ಮಾತ್ರ ಟಗರಿನಂತೆಯೇ ಕಂಡವು. ಟಗರಿಗೆ ಅಂಥ ರೂಪವೇನೂ ಬೇಕಿಲ್ಲವಲ್ಲ!

ಮನೆಯಲ್ಲಿ ಯೋಚನೆ ಮಾಡಬೇಕಾದದ್ದು ಬೇರೆಯೇ ಇತ್ತು. ಅಕ್ಕನಿಗೆ ಕೈ ನಡುಗುವ ಕಾಯಿಲೆ ಶುರುವಾಗಿತ್ತು. ಯಾರದೋ ಮನೆಯ ಅರಿಶಿನ ಕುಂಕುಮದಲ್ಲಿ ಎಲ್ಲರೆದುರು ಕಾಫಿ ಮೈಮೇಲೆ ಚೆಲ್ಲಿಕೊಂಡವಳು ಮತ್ತೆ ಎಲ್ಲಿಗೂ ಹೋಗಲಿಲ್ಲ. ತನ್ನ ಮನೆಗೆ ಜನ ಬಂದರೂ ಕಿಚನ್ ಬಿಟ್ಟು ಈಚೆ ಬರುತ್ತಿರಲಿಲ್ಲ. ಹೆಂಡತಿ ಹೀಗೆ ಕೊರಗುವಾಗ ಮಣ್ಣಿನ ಟಗರಿಗೆ ಕೊಂಬು ತಿದ್ದುತ್ತ ಕೂರುವ ಗಂಡಸಿಗೆ ಏನನ್ನಬೇಕು, ನೀವೇ ಹೇಳಿ?

ಸಾಲದ್ದಕ್ಕೆ ರಾಮನವಮಿಗೆ ಹತ್ತು ಜನರನ್ನು ಕರೆದರು. ಎಲ್ಲರ ಕೈಗೂ ಒಂದೊಂದು ಟಗರು, ಒಳಗೆ ಮಜ್ಜಿಗೆ! ಡಾಕ್ಟರ್ ಅಂಕಲ್‌ಗೆ ಧಾರೆ ಮೂಗಿಗೆ ಹೋಯಿತು. ಮೈಸೂರ್ ಸಿಲ್ಕ್ ಆಂಟಿಯ ಸೆರಗು ಒಗ್ಗರಣೆ ಸಮೇತ ನೆನೆಯಿತು. "ದೊಡ್ಡಪ್ಪಾ, ಇಟ್ಸ್ ಲೀಕಿಂಗ್!" ಎಂದು ನನ್ನ ಮಗಳು ಕಿರುಚಿದಳು. ಕೆಳಗಿಡೋಣವೆಂದರೆ ತಳವೆಲ್ಲಿ?

ಭಾವನನ್ನು ಗರಾಜಿಗೆ ಕರೆದೊಯ್ದು ತರಾಟೆಗೆ ತೆಗೆದುಕೊಂಡೆ. "ನಾಚಿಕೆ ಆಗಲ್ವಾ ನಿಮಗೆ? ಎಲ್ಲರೂ ಮೈಮೇಲೆ ಚೆಲ್ಕೊಂಡು ಕೂತಿದಾರೆ!"

"ಎಲ್ಲರೂನಾ?"

"ಒಬ್ಬರೂ ಬಾಕಿ ಇಲ್ಲ!"

ಭಾವ ಬಾಗಿಲು ಸ್ವಲ್ಪ ತೆರೆದು ಹಾಲ್ ಕಡೆ ನೋಡಿದರು. "ಅವಳು ಈಚೆ ಬಂದಿದಾಳೆ ಕಣಮ್ಮಾ," ಎಂದರು ಮೆಲ್ಲಗೆ.

ಅಕ್ಕ ಸೋಫಾದಲ್ಲಿ ಎಲ್ಲರ ನಡುವೆ ಕೂತಿದ್ದಳು. ಕೈಯಲ್ಲಿ ಟಗರು ನಡುಗುತ್ತಿತ್ತು, ಮಜ್ಜಿಗೆ ಕುತ್ತಿಗೆಯ ಮೇಲೆ ಇಳಿಯುತ್ತಿತ್ತು. ಯಾರೂ ಅವಳತ್ತ ನೋಡುತ್ತಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಬಟ್ಟೆ ಒರೆಸಿಕೊಳ್ಳುವುದರಲ್ಲಿದ್ದರು. ಅಕ್ಕ ಜೋರಾಗಿ ನಗುತ್ತಿದ್ದಳು. ಆ ನಗು ಕೇಳಿ ಎಷ್ಟು ತಿಂಗಳಾಗಿತ್ತು! ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

"ನನಗೂ ಒಂದು ತುಂಬಿಸಿ ಕೊಡಿ ಭಾವ," ಎಂದೆ.