ಒಂದ ಕಾಲಿಗಷ್ಟ ಅಳ್ರಿ

ನರ್ಸ್ ಆದವಳಿಗೆ ಅಳುವ ಮನೆಗಳಿಂದಲೇ ಹೆಚ್ಚು ಕರೆ ಬರುತ್ತದೆ. ಆದರೆ ಅಳುವ ಮನೆಯಲ್ಲೇ ನಗು ಯಾವ ಸಂದಿಯಿಂದಲೋ ನುಸುಳಿ ಬಂದು ಕೂತಿರುತ್ತದೆ. ನೌಕರಿಯುದ್ದಕ್ಕೂ ನನಗೆ ಹೀಗೇ ಆಗಿದೆ.

ಎಂಬತ್ತರ ದಶಕದಲ್ಲಿ ನಾನು ಸಂಶಿಯ ಬಾಜೂ ಹಳ್ಳಿಯೊಂದರ ಆರೋಗ್ಯ ಉಪಕೇಂದ್ರದಲ್ಲಿದ್ದೆ. ಊರವರಿಗೆ ನಾನು 'ಬಾಯಾರು'. ಆ ಊರಲ್ಲಿ ಎರಡು ಎಮ್ಮೆ ಕಟ್ಟಿಕೊಂಡು ಸಂಶಿಯ ಹೋಟೆಲ್ಲುಗಳಿಗೆ ಹಾಲು ಹಾಕುತ್ತಿದ್ದ ಒಬ್ಬಾಕೆ ಇದ್ದಳು. ಎಲ್ಲರೂ ಆಕೆಯನ್ನು ಹೈನದಕ್ಕ ಅನ್ನುತ್ತಿದ್ದರು. ನಲವತ್ತರ ಹೆಂಗಸು. ಹಾಲಿನ ಕೊಡ ಹೊತ್ತು ಹೊರಟರೆ ಬಸ್ಸಿಗಿಂತ ಮೊದಲು ಸಂಶಿ ಮುಟ್ಟುತ್ತಾಳೆ ಎಂದು ಹೆಸರಾಗಿದ್ದಳು.

ಒಂದು ದಿನ ಹತ್ತಿ ಹೇರಿದ ಚಕ್ಕಡಿಯ ಗಾಲಿ ಆಕೆಯ ಬಲಪಾದದ ಮೇಲೆ ಹಾಯಿತು. ಗಾಯಕ್ಕೆ ಅರಿಶಿನ ಮೆತ್ತಿಕೊಂಡು ಹದಿನೈದು ದಿನ ಹಾಗೇ ಎಮ್ಮೆ ಹಿಂಡಿದಳು. ಹುಬ್ಬಳ್ಳಿಯ ದವಾಖಾನೆಗೆ ಹೋಗುವ ಹೊತ್ತಿಗೆ ಪಾದ ಕಪ್ಪಾಗಿತ್ತು. ಜೀವ ಉಳಿಯಬೇಕಾದರೆ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆಯಬೇಕಾಯಿತು.

ಅಳಲು ಬಂದವರು

ಊರಿಗೆ ಬಂದ ಮೇಲೆ ಹೈನದಕ್ಕ ಗೋಡೆಯ ಕಡೆ ಮುಖ ಮಾಡಿ ಹೊರಸಿನ ಮೇಲೆ ಮಲಗಿಬಿಟ್ಟಳು. ದವಾಖಾನೆಯವರು ಕೊಟ್ಟ ಊರುಗೋಲು ಮೂಲೆಯಲ್ಲಿ ನಿಂತಿತ್ತು. ಗಾಯ ತೊಳೆದು ಪಟ್ಟಿ ಕಟ್ಟಲು ನಾನು ಹೋದರೂ ಮಾತಿಲ್ಲ, ನರಳಾಟವೂ ಇಲ್ಲ. ತಾಟಿನಲ್ಲಿ ಇಟ್ಟ ರೊಟ್ಟಿ ಹಾಗೇ ಇರುತ್ತಿತ್ತು. ಗಂಡ ಮಿತಭಾಷಿ ರೈತ. "ಹಿಂಗ ಆದ್ರ ಹೆಂಗ್ರಿ ಬಾಯಾರ" ಎನ್ನುವುದರ ಹೊರತು ಅವನಿಗೆ ಬೇರೆ ಮಾತು ತಿಳಿಯುತ್ತಿರಲಿಲ್ಲ.

ಮಾತಾಡಿಸಲು ಬರುವ ಹೆಂಗಸರಿಗೆ ಮಾತ್ರ ಬರವಿರಲಿಲ್ಲ. ಬರುವವರು ಹೊಸ್ತಿಲಲ್ಲೇ ಸೆರಗು ಬಾಯಿಗೆ ಒತ್ತಿಕೊಂಡು ಶುರು ಮಾಡುತ್ತಿದ್ದರು. ಒಂದು ದಿನ ನಾನು ಪಟ್ಟಿ ಬಿಚ್ಚುತ್ತಿದ್ದಾಗ ಓಣಿಯ ಐದಾರು ಮಂದಿ ಒಟ್ಟಿಗೆ ಬಂದರು. ಒಬ್ಬಾಕೆಯಂತೂ ಹಾಡಿನಂತೆ ಎಳೆದು ಎಳೆದು ಅತ್ತಳು. "ಬಂಗಾರದಂಥಾ ಹೆಂಗಸು... ಕುದರಿಯಂಗ ನಡಿತಿದ್ದಿ... ನಿನ್ನ ಬಾಳೇ ಮುಗದ ಹೋತಲ್ಲವಾ..."

ಹೊರಸಿನ ಮೇಲೆ ಏನೋ ಅಲ್ಲಾಡಿತು. ಎಷ್ಟೋ ದಿನಗಳ ಮೇಲೆ ಹೈನದಕ್ಕ ಈ ಕಡೆ ಹೊರಳಿದಳು.

"ಬೇ ಅಕ್ಕಾ, ಹೋದದ್ದು ಒಂದು. ಒಂದ ಕಾಲಿಗಷ್ಟ ಅಳು. ಇನ್ನೊಂದು ಚಲೋ ಐತಿ, ಅದಕ್ಕ ನಿನ್ನ ಕಣ್ಣಿನ ನೆದರ ಹತ್ತೀತು."

ಇಲ್ಲದ ಬೆರಳು

ಮುಂದಿನ ವಾರ ಹೋದಾಗ ಆಕೆ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡಳು.

"ಬಾಯಾರ, ಯಾರ ಮುಂದೂ ಹೇಳಬ್ಯಾಡ್ರಿ. ನನಗ ತೆಲಿ ಕೆಟ್ಟೈತಿ ಕಾಣತೈತಿ. ಆ ಕಾಲಿನ ಹೆಬ್ಬೆರಳು ತುರಸಾಕತ್ತೈತ್ರಿ."

"ಯಾವ ಕಾಲಿಂದು?"

"ಅದ... ಇಲ್ಲದ್ದರದು."

ಸುಳ್ಳು ಧೈರ್ಯ ಹೇಳಲು ಮನಸ್ಸಾಗದೆ ನಾನು ಕುಂದಗೋಳಕ್ಕೆ ಹೋದಾಗ ಡಾಕ್ಟರರನ್ನು ಕೇಳಿ ಬಂದೆ. ಅವರು ಹೇಳಿದ್ದನ್ನೇ ಆಕೆಗೆ ತಿಳಿಯುವ ಹಾಗೆ ಹೇಳಿದೆ. "ಕಾಲು ಹೋದ ಸುದ್ದಿ ನಿನ್ನ ತೆಲಿಗೆ ಇನ್ನೂ ಪೂರ್ತಿ ಮುಟ್ಟಿಲ್ಲವಾ. ನರಗಳು ಹಳೇ ರೂಢಿ ಬಿಟ್ಟಿಲ್ಲ. ಇದು ಹುಚ್ಚಲ್ಲ, ಭೂತಾನೂ ಅಲ್ಲ. ಭಾಳ ಮಂದಿಗೆ ಹಿಂಗ ಆಗತೈತಿ."

ಆಕೆ ಅಂದು ಅತ್ತಳು. ದುಃಖಕ್ಕಲ್ಲ, ಹುಚ್ಚು ಹಿಡಿದಿಲ್ಲವಲ್ಲ ಎಂಬ ಸಮಾಧಾನಕ್ಕೆ.

ನಾಲ್ಕು ದಿನ ಬಿಟ್ಟು ಹೋದರೆ, ಗಂಡ ಹೊರಸಿನ ಕಾಲ್ದೆಸೆಯಲ್ಲಿ ಕೂತು ಕಾಲು ಇರಬೇಕಾದ ಕಡೆ ಹಾಸಿದ್ದ ಬರಿಯ ಕೌದಿಯನ್ನು ಭಕ್ತಿಯಿಂದ ಕೆರೆಯುತ್ತಿದ್ದಾನೆ. ಈಕೆ ಕಣ್ಣು ಮುಚ್ಚಿ ಅಪ್ಪಣೆ ಕೊಡುತ್ತಿದ್ದಾಳೆ. "ಇನ್ನಷ್ಟು ಬಲಕ್ಕ... ಹಾಂ, ಅಲ್ಲೇ... ಬೆರಳಿನ ಸಂದ್ಯಾಗ."

"ಕಡಿಮಿ ಆತೇನವಾ?" ಎಂದೆ.

"ಆತ್ರಿ ಬಾಯಾರ, ಅಗದಿ ಆರಾಮ ಆತು."

ಗಂಡ ನನ್ನ ಕಡೆ ನೋಡಿ ನಿಟ್ಟುಸಿರು ಬಿಟ್ಟ. "ಮದುವ್ಯಾಗಿ ಇಪ್ಪತ್ತು ವರ್ಷ ಒಂದ ದಿನಾನೂ ಕಾಲು ಒತ್ತಂದಾಕಿ ಅಲ್ರಿ. ಕಾಲು ಹೋದಮ್ಯಾಲೆ ಕೆರಿಯಾಕ ಹಚ್ಯಾಳ ನೋಡ್ರಿ!"

ಸೀರಿ ಉಟ್ಟ ಗಂಡ

ಮಾತು ಬಂದಿತು, ಊಟ ಬಂದಿತು. ಹೊರಸು ಬಿಟ್ಟು ಏಳುವುದು ಮಾತ್ರ ಆಗಲಿಲ್ಲ. "ಎದ್ದು ಏನ ಮಾಡ್ಲಿರಿ? ನನ್ನ ಕೆಲಸೆಲ್ಲಾ ಎರಡು ಕಾಲಿನ ಕೆಲಸ" ಎನ್ನುವಳು. ಊರುಗೋಲಿನ ಮೇಲೆ ಧೂಳು ಕೂತಿತ್ತು.

ಇತ್ತ ಹಿರಿಯ ಎಮ್ಮೆ ಬೇರೆಯವರ ಕೈಗೆ ಹಾಲು ಬಿಡುತ್ತಿರಲಿಲ್ಲ. ಗಂಡನನ್ನು ಎರಡು ಸಲ ಒದ್ದು ಕೆಡವಿತ್ತು. ಒಂದು ಸಂಜೆ ನಾನು ಹೋದಾಗ ಕೊಟ್ಟಿಗೆಯಲ್ಲಿ ಒಬ್ಬ ದಪ್ಪ ಹೆಂಗಸು ತಲೆತುಂಬ ಸೆರಗು ಹೊದ್ದು ಹಾಲು ಹಿಂಡುವ ಚರಗಿ ಹಿಡಿದು ಕೂತಿದ್ದಳು. ನೆಂಟರು ಯಾರೋ ಬಂದಿರಬೇಕು ಎಂದುಕೊಂಡು, "ಯಾವೂರವಾ ನಿಂದು?" ಎಂದೆ. ಸೆರಗಿನೊಳಗಿಂದ ಮೀಸೆ ಹೊರಬಂತು!

"ಸುಮ್ಮನಿರ್ರಿ ಬಾಯಾರ, ಎಮ್ಮಿಗೆ ತಿಳಿದೀತು" ಎಂದು ಅವನು ಪಿಸುಗುಟ್ಟಿದ. ಎಮ್ಮೆಗೆ ಅಷ್ಟರಲ್ಲೇ ತಿಳಿದಿತ್ತು. ಝಾಡಿಸಿ ಒದ್ದಿತು. ಚರಗಿ ಒಂದು ಕಡೆ, ಸೀರೆಯ ನೆರಿಗೆಯಲ್ಲಿ ಕಾಲು ಸಿಕ್ಕ ಗಂಡ ಸಗಣಿಯಲ್ಲಿ ಒಂದು ಕಡೆ.

ಪಡಸಾಲೆಯ ಬಾಗಿಲಿನಿಂದ ಎಲ್ಲವೂ ಹೊರಸಿನವಳಿಗೆ ಕಾಣುತ್ತಿತ್ತು. ಆಕೆ ನಕ್ಕಳು. ಎಂಥ ನಗು ಅಂತೀರಿ! ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಒಳಗೆ ಬಂದ ನನಗೆ ಮೂಲೆಯ ಊರುಗೋಲು ತೋರಿಸಿ, "ಬಾಯಾರ, ಆ ಬಡಿಗಿ ಕೊಡ್ರಿ" ಎಂದಳು.

ಅಂಗಳ ದಾಟಲು ಎಷ್ಟು ಹೊತ್ತಾಯಿತೋ. ಎರಡು ಸಲ ನಿಂತು ಉಸಿರು ತೆಗೆದುಕೊಂಡಳು. ನಾನು ಹಿಡಿಯಲು ಹೋದರೆ ಕೈ ಕೊಡವಿದಳು. ಮಣೆಯ ಮೇಲೆ ಕೂತು ಎಮ್ಮೆಯ ಹೊಟ್ಟೆಗೆ ಹಣೆ ಆನಿಸಿ, "ಬಂದೀನಿ ತಗೋಳೇ ತಾಯಿ" ಎಂದಳು. ಚರಗಿಯಲ್ಲಿ ಹಾಲಿನ ಸಪ್ಪಳ ಎದ್ದಿತು.

ಗಂಡ ಸಗಣಿ ಒರೆಸಿಕೊಳ್ಳುತ್ತ ಎದ್ದು ನಿಂತ. "ಹಂಗಾದ್ರ ನಾ ಸೀರಿ ಬಿಚ್ಚಲೇನು?"

"ಇರ್ಲಿ ಬಿಡ್ರಿ. ಉಟ್ಟದ್ದು ಉಟ್ಟೀರಿ, ಕೈ ತೊಳಕೊಂಡು ಹಂಗ ನಾಕ ರೊಟ್ಟಿ ಬಡೀರಿ."

ಕಟ್ಟಿಯ ಮೇಲಿನ ಹಿರಿಯರು

ವರ್ಷದೊಳಗೆ ಒಂದು ಶಿಬಿರದಲ್ಲಿ ಆಕೆಗೆ ಕೃತಕ ಕಾಲು ಸಿಕ್ಕಿತು. ರಬ್ಬರಿನ ಪಾದ, ಬೆರಳು ಸಮೇತ. ಅಂಗಳದಲ್ಲಿ ತಿಂಗಳು ರೂಢಿ ಮಾಡಿಕೊಂಡು ಮೊದಲ ಸಲ ಓಣಿಗೆ ಇಳಿದಳು. ಹಿರಿಯರು ಕೂರುವ ಕಟ್ಟೆಯ ಎದುರೇ, ಎರೆಮಣ್ಣಿನ ರಾಡಿಯಲ್ಲಿ ಜಾರಿ ಬಿದ್ದಳು.

ಮನೆಗೆ ಬಂದವಳೇ ಕಾಲು ಬಿಚ್ಚಿ ಅಟ್ಟಕ್ಕೆ ಎಸೆದಳು. ಎಂಟು ದಿನ ಹೊರಗೆ ಬರಲಿಲ್ಲ.

"ಬಿದ್ದರೇನಾತು? ಎಲ್ಲರೂ ಬೀಳತಾರ" ಎಂದೆ.

"ಬಿದ್ದದ್ದಕ್ಕಲ್ರಿ. ಮೊದಲೆಲ್ಲಾ ನಾ ಬಿದ್ರ ಅವರು ನಗತಿದ್ರು, ನಾ ಬೈತಿದ್ದೆ. ಮೊನ್ನಿ ಎಲ್ಲಾರೂ ಪಾಪ ಅಂತ ಸುಮ್ಮನಾದ್ರು. ಆ ಸುಮ್ಮನಿದ್ದದ್ದು ತಡಕೊಳ್ಳಾಕ ಆಗಲಿಲ್ರಿ."

ಒಂಬತ್ತನೆಯ ದಿನ ತಾನೇ ಗಂಡನಿಗೆ ಹೇಳಿ ಅಟ್ಟದಿಂದ ಕಾಲು ಇಳಿಸಿಕೊಂಡಳು. ಬೆಳಗ್ಗೆ ಕಟ್ಟೆಯ ಎದುರು ಹೋಗಿ ನಿಂತು ಜೋರಾಗಿ ಹೇಳಿದಳು. "ಹಿರೇರ, ಕೇಳ್ರಿ. ಈಗ ನಡೀತೀನಿ. ಬಿದ್ರ ನಗಬೇಕು. ಯಾರಾರ ಪಾಪ ಅಂದ್ರ ನಾಳಿಂದ ಅವರ ಮನಿಗೆ ಹಾಲಿಲ್ಲ!"

ನಡೆದಳು. ಒಂದೊಂದೇ ಹೆಜ್ಜೆ, ಅದೇ ರಾಡಿಯಲ್ಲಿ. ಬೀಳಲಿಲ್ಲ. ಎಲ್ಲಕ್ಕಿಂತ ಹಿರಿಯ ಕಾಕಾ ಕತ್ತು ಚಾಚಿ ನೋಡುತ್ತ ನೋಡುತ್ತ ಎದ್ದು, ಕಟ್ಟೆಯ ಅಂಚು ತಪ್ಪಿ ದೊಪ್ಪನೆ ಕೆಳಗೆ ಬಂದರು.

ಹೈನದಕ್ಕ ಹಿಂದಿರುಗಿ ಬಂದು ಕೈ ಹಿಡಿದು ಎಬ್ಬಿಸಿದಳು. "ಕಾಕಾ, ಎರಡೂ ಹಳೇವಾಗ್ಯಾವ ಕಾಣತೈತಿ. ನಿಮಗೂ ಒಂದು ಮಾಡಿಸಿಕೊಡ್ಲೇನ್ರಿ?"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಆಕೆಗೆ ಬೇಕಾಗಿದ್ದದ್ದೂ ಅದೇ.

ಗರಿ ಮತ್ತು ಸೂಜಿ

ಮರುವರ್ಷ ನಮ್ಮ ಉಪಕೇಂದ್ರದಲ್ಲಿ ಕುಷ್ಠರೋಗದ ತಪಾಸಣೆ ನಡೆಯಿತು. ಬಂದ ಅಧಿಕಾರಿ ಮೈಸೂರು ಕಡೆಯವರು. ನೌಕರಿ ಹೊಸದು, ಉತ್ಸಾಹ ಬಹಳ. ಕಣ್ಣು ಮುಚ್ಚಿಸಿ ಮೊದಲು ಗರಿ ಆಡಿಸಿ, ಆಮೇಲೆ ಸೂಜಿಯ ಮೊನೆ ತಾಗಿಸಿ ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡುತ್ತಿದ್ದರು. ತಿಳಿಯದಿದ್ದರೆ ಅದು ಆ ರೋಗದ ಗುರುತು. ಹೈನದಕ್ಕನ ಸರದಿ ಬಂತು. ಆಕೆ ಬಾಗಿಲಿನಿಂದ ಸರಸರ ನಡೆದೇ ಬಂದು ಕೂತಳು. ಸೀರೆ ಪಾದದವರೆಗೆ ಇತ್ತು. ರಬ್ಬರಿನ ಪಾದಕ್ಕೆ ಆಗಲೇ ಊರ ಮಣ್ಣಿನ ಬಣ್ಣ ಬಂದಿತ್ತು. ನಾನು ಹೇಳಲು ಬಾಯಿ ತೆರೆದೆ. ಆಕೆ ಮುಚ್ಚಿದ್ದ ಒಂದು ಕಣ್ಣು ತೆರೆದು ನೋಟದಲ್ಲೇ ನನ್ನನ್ನು ಗದರಿದಳು.

"ಗೊತ್ತಾಗ್ತಾ ಇದೆಯಾಮ್ಮ?" ಎಂದರು ಅಧಿಕಾರಿ, ಬಲಪಾದಕ್ಕೆ ಗರಿ ಆಡಿಸಿ.

"ಇಲ್ರಿ."

ಸೂಜಿ ತಾಗಿಸಿದರು. "ಈಗ?"

"ಇಲ್ರಿ."

ಇನ್ನಷ್ಟು ಒತ್ತಿದರು. ಸೂಜಿ ಅಲ್ಲೇ ನೆಟ್ಟಗೆ ನಿಂತಿತು. ಅಧಿಕಾರಿಯ ಹಣೆಯಲ್ಲಿ ಬೆವರು. "ಈಗಲೂ ಇಲ್ವಾ? ಎಷ್ಟು ದಿನದಿಂದ ಹೀಗಿದೆ?"

"ಎರಡು ವರ್ಷಾತ್ರಿ."

"ಇಷ್ಟು ದಿನ ಯಾಕೆ ಸುಮ್ಮನಿದ್ರಿ ತಾಯಿ? ಹೆದರಬೇಡಿ. ತಪ್ಪದೆ ಮಾತ್ರೆ ತಗೊಂಡ್ರೆ ಈ ಕಾಯಿಲೆ ವಾಸಿಯಾಗುತ್ತೆ."

"ಖರೇನ? ಗುಳಿಗಿ ನುಂಗಿದ್ರ ಈ ಕಾಲಿಗೆ ಚುಚ್ಚಿದ್ದು ತಿಳೀತೈತೇನ್ರಿ?"

"ಪ್ರಯತ್ನ ಮಾಡೋಣ."

ಆಕೆ ಸೀರೆ ಸರಿಸಿ, ಪಟ್ಟಿ ಸಡಿಲಿಸಿ, ಕಾಲನ್ನು ಬಿಚ್ಚಿ ಅವರ ತೊಡೆಯ ಮೇಲೆ ಇಟ್ಟಳು, ಸೂಜಿ ಸಮೇತ.

"ಹಂಗಾದ್ರ ಇದನ್ನ ನಿಮ್ಮ ಕಡೇನ ಇಟ್ಕೊಂಡು ಹೊತ್ತ ಹೊತ್ತಿಗೆ ಗುಳಿಗಿ ಹಾಕ್ರಿ ಸಾಹೇಬ್ರ. ಅದು 'ಯವ್ವಾ' ಅಂತ ಒದರಿದ ದಿನ ಒಂದು ಕಾಗದ ಹಾಕ್ರಿ, ಬಂದು ಒಯ್ತೀನಿ."